ಹಲ್ಲಿನ ಲೆಕ್ಕ

ಕಲಬುರಗಿಯ ಗಂಜ್‌ನಲ್ಲಿ
ನಮ್ಮಪ್ಪನ ಬಲಗಡೆಯ ದವಡೆಹಲ್ಲಿಗೆ
ಮೂವತ್ತು ವರ್ಷದ ಸರ್ವಿಸ್.
ಚೀಲಕ್ಕೆ ಕೊಳವೆ ಚುಚ್ಚಿ
ನಾಲ್ಕು ತೊಗರಿಕಾಳು ಅಂಗೈಗೆ ಬೀಳಿಸಿ
ಒಂದನ್ನು ಬಾಯಿಗೆ.
ಕಟ್ ಎಂದರೆ ಒಣಗಿದ್ದು,
ಕಚ್ ಎಂದರೆ ಹಸಿ.
ಆಮೇಲೆ ಅಪ್ಪ ಬಾಯಿ ತೆರೆಯುತ್ತಾನೆ,
ಗುಮಾಸ್ತ ಬರೆದುಕೊಳ್ಳುತ್ತಾನೆ:
ಹಸಿ ಅದ, ಕ್ವಿಂಟಾಲಿಗೆ ಎರಡು ಕಿಲೋ ಸೂಟು.

ನನ್ನ ಮೀಟರಿಗೆ ಹಲ್ಲಿಲ್ಲ.
ಹಳೆ ಟಿಫಿನ್ ಡಬ್ಬಿಯ ಎರಡು ತಗಡು,
ನಡುವೆ ಒಂದು ಲೋಟ ಕಾಳು,
ಮೈನೋದ್ದೀನ ಸ್ಟೇಶನ್ ರೋಡಿನ ಅಂಗಡಿಯಿಂದ ತಂದ
ಸತ್ತ ಫೋನಿನ ಸಾಯದ ಬ್ಯಾಟರಿ.
ಒಟ್ಟು ಖರ್ಚು ಸಾವಿರದ ನೂರಾ ನಲವತ್ತು,
ಬೆಸುಗೆಯ ಹೊಗೆಗೆ ಕೆಂಪಾದ ಕಣ್ಣು ಬೇರೆ.
ಚೀಲಕ್ಕೆ ಎರಡು ರೂಪಾಯಿ, ಕೈಗೊಂದು ಚೀಟಿ,
ಚೀಟಿಯ ಮೇಲೊಂದು ಅಂಕಿ. ಅಷ್ಟೇ ನಮ್ಮ ಕಂಪನಿ.
ಹೆಸರಿನ್ನೂ ಇಟ್ಟಿರಲಿಲ್ಲ.

ಕಾಲೇಜಿಗೆ ಬಂದ ಹೂಡಿಕೆದಾರರು ಕೇಳಿದರು:
"ನಿಮ್ಮ ಗ್ರಾಹಕ ಯಾರು? ಮಾರುವವನೋ, ಕೊಳ್ಳುವವನೋ?"
"ನಿಜ ಬೇಕಾದವರು" ಎಂದೆ.
ನಕ್ಕರು. ಕೆಟ್ಟ ನಗೆಯಲ್ಲ,
ಗಡಿಯಾರ ನೋಡುತ್ತ ನಕ್ಕ ನಗೆ.
"ನಿಜ ಬೇಕಾದವರು ದುಡ್ಡು ಕೊಡ್ತಾರಾ?"
ಪ್ರಶ್ನೆ ಚಲೋ ಇತ್ತು. ಬರೆದುಕೊಂಡೆ.
ರಾತ್ರಿ ರೊಟ್ಟಿ ಮುರಿಯುತ್ತ ಅಪ್ಪನೂ ಅದನ್ನೇ ಕೇಳಿದ:
"ಆ ಎರಡು ರೂಪಾಯಿ ಯಾರ್ ಕೊಡ್ತಾರವ್ವ?"

ಸಂಕ್ರಾಂತಿ ಕಳೆದ ಭಾನುವಾರ
ಅವನನ್ನು ಲ್ಯಾಬಿಗೆ ಕರೆದೆ. ಚಪ್ಪಲಿ ಹೊರಗೇ ಬಿಟ್ಟ,
ಯಾರೂ ಬಿಡು ಎಂದಿರಲಿಲ್ಲ.
ನಲವತ್ತು ಪೊಟ್ಟಣ: ಆಳಂದ, ಜೇವರ್ಗಿ, ಚಿಂಚೋಳಿ, ಸೇಡಂ.
ಹಲ್ಲು ಒಂದು ಅಂಕಿ ಹೇಳಲಿ,
ಮೀಟರು ಒಂದು ಹೇಳಲಿ,
ಇಬ್ಬರ ನ್ಯಾಯ ಲ್ಯಾಬಿನ ಒಲೆ ಹೇಳಲಿ.
ಕಾಳು ಬೀಸಿ, ತೂಗಿ, ಬಿಸಿಗಿಟ್ಟು, ಮತ್ತೆ ತೂಗಿದರೆ
ಹಾರಿಹೋದದ್ದೆಲ್ಲ ನೀರು.
ಒಲೆಗೆ ಸೇಠ್ ಇಲ್ಲ.

ಲೆಕ್ಕದ ಹಾಳೆ ಜೋಡಿಸುವಾಗ ಕತ್ತಲಾಗಿತ್ತು.
ನನ್ನ ಮೀಟರು ಒಂದೂವರೆ ತಪ್ಪಿತ್ತು,
ಮಧ್ಯಾಹ್ನದ ಬಿಸಿಲಿಗೆ ಇನ್ನೂ ಹೆಚ್ಚು.
ಅಪ್ಪನ ಹಲ್ಲು ಕಾಲು ಅಂಕಿಯೂ ತಪ್ಪಿರಲಿಲ್ಲ.
ಮೈನೋದ್ದೀನ ಸೀಟಿ ಹೊಡೆದ:
"ಚಾಚಾ, ನಿಮ್ ಬಾಯಾಗೇ ಲ್ಯಾಬ್ ಅದ!"
ಅಪ್ಪ ಹಿಗ್ಗಿದ.
ಆಮೇಲೆ ನನ್ನ ಮುಖ ನೋಡಿದ.

ನಾನೇನೂ ಕೇಳಲಿಲ್ಲ.
ಆದರೆ ಇಷ್ಟು ಸರಿಯಾಗಿ ಗೊತ್ತಿದ್ದರೆ
ಮೂವತ್ತು ಸುಗ್ಗಿ, ಅಷ್ಟೊಂದು ಒಣಕಾಳು,
ಅವನ ಬಾಯಲ್ಲಿ ಹೇಗೆ ಹಸಿಯಾಯಿತು?
ನನ್ನ ಮೂರನೇ ಸೆಮಿಸ್ಟರಿನ ಫೀ
ಸೇಠ್ ಮುಂಗಡ ಕೊಟ್ಟದ್ದು ನೆನಪಾಯಿತು.
ಕೈಯಲ್ಲಿದ್ದ ಬೆಸುಗೆಕಡ್ಡಿಯೂ ಆ ದುಡ್ಡಿನದೇ.

ಅಪ್ಪ ಬಾಯಿ ಮುಕ್ಕಳಿಸಿ ಕಿಟಕಿಯಾಚೆ ಉಗುಳಿದ.
"ಹಲ್ಲು ನಂದು" ಎಂದ. "ಮಾತು ಸೇಠ್‌ದು."

ಅದಾಗಿ ಆರು ಭಾನುವಾರ.
ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ.
ಫರಹತಾಬಾದಿನ ಹೆಂಗಸರ ಸಂಘದವರು
"ಗಂಜಿಗಿ ಒಯ್ಯೂಕಿಂತ ಮೊದಲ ಮನ್ಯಾಗೇ ನೋಡ್ಕೋತೀವಿ,
ಒಂದು ರೂಪಾಯಿ ಮಾಡು" ಅಂದಿದ್ದಾರೆ.
ಒಂದಕ್ಕೆ ಗಿಟ್ಟುತ್ತದೆಯೋ ಇಲ್ಲವೋ, ಲೆಕ್ಕ ನಡೆದಿದೆ.

ಅಪ್ಪ ಅಂಗಿಯ ಜೇಬಿನಲ್ಲಿ ಪೊಟ್ಟಣ ತರುತ್ತಾನೆ.
ಕಣ್ಣು ಮುಚ್ಚಿ ಒಂದೊಂದೇ ಕಾಳು ಕಚ್ಚಿ
ಸೇಠ್ ಇಲ್ಲದ ಕೋಣೆಯಲ್ಲಿ
ಗಟ್ಟಿಯಾಗಿ ಹೇಳುತ್ತಾನೆ:
"ಹನ್ನೊಂದೂವರೆ."
"ಒಂಬತ್ತೂ ಮುಕ್ಕಾಲು."
ನಾನು ಸ್ಕ್ರೂ ತಿರುಗಿಸುತ್ತೇನೆ, ಕೂದಲೆಳೆಯಷ್ಟು.
ಮೀಟರು ಅವನ ಕಡೆ ಸರಿಯುತ್ತದೆ.
ಸೋಮವಾರ ಗಂಜ್‌ನಲ್ಲಿ ಏನು ಹೇಳುತ್ತಾನೋ,
ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

"ಲಗೂ ಮಾಡವ್ವ" ಅನ್ನುತ್ತಾನೆ, ದವಡೆ ಒತ್ತಿಕೊಂಡು,
"ಈ ಹಲ್ಲು ಅಲಗಾಡ್ಲಿಕತ್ತದ."